ಫೌಲ್ ನಂಜಿ

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಶಿವನಂಜಮ್ಮನನ್ನು ಅರಿಯದವರಿಲ್ಲ. ಐವತ್ತೈದರ ಹೆಂಗಸು. ಕಪ್ಪಗೆ, ಗಟ್ಟಿಮುಟ್ಟು. ಕಬ್ಬಿನ ಟ್ರಾಕ್ಟರು ರಸ್ತೆಗೆ ಅಡ್ಡ ನಿಂತರೆ ಅವಳೇ ಇಳಿದು ಹೋಗಿ ಟ್ರಾಕ್ಟರಿನವನ ಜನ್ಮ ಜಾಲಾಡಿ ಬರುತ್ತಾಳೆ. ಮುಂದಿನ ಬಾಗಿಲಲ್ಲಿ ನಿಂತು "ಒಳೀಕ್ ಓಗ್ರಪ್ಪೋ" ಎಂದು ಕೂಗಿದರೆ ಹಿಂದಿನ ಸೀಟಿನಲ್ಲಿ ಮಲಗಿದ ಮಗು ಎದ್ದು ಕೂರುತ್ತದೆ. ದಿನವಿಡೀ ನಿಂತು ನಿಂತು ಕಾಲಿನ ನರಗಳು ಹಗ್ಗದ ಹಾಗೆ ಹುರಿಗೊಂಡಿವೆ. ಮಂಡಿ ನೋಯುತ್ತದೆ. ಅದನ್ನು ಅವಳು ಯಾರ ಹತ್ತಿರವೂ ಹೇಳಿಕೊಂಡಿಲ್ಲ.

ಇಂಥ ಗಟ್ಟಿಗಿತ್ತಿಗೂ ಒಂದು ಅಡ್ಡಹೆಸರಿದೆ. ಅದು ಕಿವಿಗೆ ಬಿದ್ದರೆ ಟಿಕೆಟ್ ಮಿಷನ್ ಒತ್ತುವ ಕೈ ನಿಂತುಬಿಡುತ್ತದೆ.

"ಏನಮ್ಮಿ ಫೌಲ್ ನಂಜಿ, ಚೆಂದಾಗಿದ್ದೀಯಾ?"

ಮಂಟಿಪೇಟೆಯಲ್ಲಿ ಹತ್ತಿದ ರಾಜೇಂದ್ರ ಬಾಗಿಲಿನಿಂದಲೇ ಕೂಗಿದ. ಹೈಸ್ಕೂಲಿನಲ್ಲಿ ಅವಳ ಜೊತೆ ಓದಿದವನು. ಈಗ ಪೇಟೆಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಊರಿನ ಯಾವ ಕಮಿಟಿ ಆದರೂ ಅದರಲ್ಲಿ ಅವನಿರಬೇಕು. ಬಸ್ಸು ತುಂಬ ಜನ. ಕಂಬಿ ಹಿಡಿದು ನಿಂತ ಪಡ್ಡೆ ಹುಡುಗನೊಬ್ಬ ಕಿಸಕ್ಕನೆ ನಕ್ಕ.

"ಟಿಕೇಟ್ ತಗೊ" ಎಂದಳು ಶಿವನಂಜಮ್ಮ.

"ತಗತೀನಿ ತಡಿ. ನಮ್ ಹೈಸ್ಕೂಲ್ಗೆ ಐವತ್ ವರ್ಸ ಆಯ್ತು ಕಣಮ್ಮಿ. ಭಾನ್ವಾರ ದೊಡ್ಡ ಪಂಕ್ಸನ್ನು. ನಿಮ್ ಹಳೇ ಖೋ ಖೋ ಟೀಮೆಲ್ಲ ಸೇರ್ಕಂಡು ಈಗಿನ ಐಕ್ಳ ಜೊತೆ ಒಂದ್ ಆಟ ಆಡ್ಬೇಕಂತೆ. ಕ್ಯಾಪ್ಟನ್ ಕವಿತಕ್ಕ ಆಸೆ ಪಟ್ಟವ್ರೆ. ಡ್ರಿಲ್ಲು ಹೊನ್ನಯ್ಯ ಮೇಷ್ಟ್ರೂ ಬತ್ತಾವ್ರೆ. ನೀನಿಲ್ದೆ ಅದೆಂಗ್ ಟೀಮಾದದು?"

ಹೊನ್ನಯ್ಯ ಮೇಷ್ಟ್ರು ಇನ್ನೂ ಬದುಕಿದ್ದಾರೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಟಿಕೆಟ್ ಹರಿದು ರಾಜೇಂದ್ರನ ಕೈಗೆ ಕೊಟ್ಟಳು.

"ಬತ್ತೀನಿ."

ಅಷ್ಟು ಬೇಗ ಒಪ್ಪುತ್ತಾಳೆಂದು ರಾಜೇಂದ್ರನೂ ಎಣಿಸಿರಲಿಲ್ಲ. ಮನೆಯಲ್ಲಿ ವಿಷಯ ತಿಳಿದು ಮಗಳು ಅರುಂಧತಿ ಸಿಡಿದಳು. ಮಳವಳ್ಳಿಯ ಬ್ಯಾಂಕೊಂದರಲ್ಲಿ ಕೆಲಸ ಮಾಡುವ ಹುಡುಗಿ, ತಾಯಿಯಷ್ಟೇ ಮುಂಗೋಪ.

"ಆ ಇಸ್ಕೂಲು ನಿಂಗೇನ್ ಕೊಟ್ಟಿತ್ತು ಅಂತ ಓಯ್ತೀಯವ್ವ?"

"ಎಸ್ರು ಕೊಟ್ಟಿತ್ತಲ್ಲ. ಅದ ವಾಪಸ್ ಕೊಟ್ಬುಟ್ಟು ಬತ್ತೀನಿ."

ಆ ಹೆಸರು ಬಂದ ಕಥೆಯನ್ನು ಮಂಟಿಪೇಟೆಯವರು ನಲವತ್ತು ವರ್ಷದಿಂದ ಹೇಳಿಕೊಂಡು ನಗುತ್ತಿದ್ದಾರೆ. ಆದರೆ ಅರ್ಧವನ್ನೇ ಹೇಳುತ್ತಾರೆ. ಉಳಿದ ಅರ್ಧ ಇಲ್ಲಿದೆ.

ಕೇರಿಯಿಂದ ಹೈಸ್ಕೂಲಿನ ಮೆಟ್ಟಿಲು ಹತ್ತಿದ ಮೊದಲ ಹುಡುಗಿ ಶಿವನಂಜಿ. ಅಪ್ಪ ಚಿಕ್ಕಬೋರಯ್ಯ ಗೌಡರ ಗದ್ದೆಗಳಲ್ಲಿ ಕಬ್ಬು ಕಡಿಯುತ್ತಿದ್ದ. ಬೆಳಕು ಹರಿಯುವ ಮುಂಚೆ ಅವಳೂ ಗದ್ದೆಗೆ ಹೋಗಿ ಸೋಗೆ ಹೊರಬೇಕು. ಕಬ್ಬಿನ ಸೋಗೆ ಚಾಕುವಿನ ಹಾಗೆ ಕುಯ್ಯುತ್ತದೆ. ಕತ್ತು, ಮುಂಗೈ, ಬೆರಳ ಸಂದು, ಎಲ್ಲ ಕಡೆ ಗೀರು. ಬೆವರು ಹರಿದರೆ ಗೀರುಗಳು ಉರಿಯುತ್ತಿದ್ದವು. ಹೊರೆ ಇಳಿಸಿ, ನಾಲೆಯಲ್ಲಿ ಮುಖ ತೊಳೆದು, ಬರಿಗಾಲಲ್ಲಿ ಏರಿಯ ಮೇಲೆ ಓಡಿ ಬರುವ ಹೊತ್ತಿಗೆ ಸ್ಕೂಲಿನ ಬೆಲ್ಲು ಹೊಡೆಯುತ್ತಿತ್ತು. ತಡವಾದರೆ ಬೆತ್ತ. ಆದ್ದರಿಂದ ಓಡುತ್ತಿದ್ದಳು. ಅವಳಿಗೆ ಓಟ ಕಲಿಸಿದ್ದು ಆ ಬೆತ್ತ.

ಕ್ಲಾಸಿನಲ್ಲಿ ಅವಳದು ಬಾಗಿಲ ಪಕ್ಕದ ಕೊನೆ ಬೆಂಚು. ಬೆಂಚು ತುಂಬ ಅವಳೊಬ್ಬಳೇ. ನೀರು ಬೇಕಾದರೆ ಬೊಗಸೆ ಒಡ್ಡಿ ಕಾಯಬೇಕು. ಜವಾನನಿಗೆ ಪುರಸೊತ್ತಾದಾಗ ಮೇಲಿಂದ ಹುಯ್ಯುತ್ತಿದ್ದ. ಪುರಸೊತ್ತಾಗದಿದ್ದರೆ ಸಂಜೆ ನಾಲೆಗೆ ಹೋಗಿಯೇ ಕುಡಿಯಬೇಕು.

ಡ್ರಿಲ್ ಮೇಷ್ಟ್ರು ಹೊನ್ನಯ್ಯ ಒಂದು ದಿನ ಗೇಟಿನ ಬಳಿ ನಿಂತು ಅವಳ ಓಟ ನೋಡಿದರು. ಅವರಿಗೆ ಖೋ ಖೋ ಹುಚ್ಚು. ಜಿಲ್ಲೆಯ ಕಪ್ಪು ಗೆದ್ದು ತಂದು ಹೆಡ್ಮಾಸ್ತರ ಮೇಜಿನ ಮೇಲಿಡಬೇಕೆಂಬ ಆಸೆ. ಆವತ್ತೇ ಅವಳನ್ನು ತಂಡಕ್ಕೆ ಸೇರಿಸಿಕೊಂಡರು. ತಂಡದಲ್ಲಿ ಉಳಿದವರೆಲ್ಲ ಗೌಡರ ಹೆಣ್ಣುಮಕ್ಕಳು.

ಖೋ ಖೋ ಆಟ ಗೊತ್ತಲ್ಲ. ಎಂಟು ಜನ ಸಾಲಾಗಿ ಚೌಕಗಳಲ್ಲಿ ಕುಕ್ಕರಗಾಲಲ್ಲಿ ಕೂರುತ್ತಾರೆ. ಒಬ್ಬಳ ಮುಖ ಆ ಕಡೆ, ಪಕ್ಕದವಳ ಮುಖ ಈ ಕಡೆ. ಒಂಬತ್ತನೆಯವಳು ಎದುರು ತಂಡದವರನ್ನು ಅಟ್ಟುತ್ತಾಳೆ. ಅಟ್ಟುವವಳು ಸಾಲು ದಾಟುವಂತಿಲ್ಲ. ಓಡುವವಳು ಸಾಲಿನ ಆಚೆಗೆ ನುಗ್ಗಿದರೆ, ಕೂತಿರುವ ಒಬ್ಬಳ ಬೆನ್ನಿಗೆ ಅಂಗೈ ತಟ್ಟಿ 'ಖೋ' ಅನ್ನಬೇಕು. ಅವಳು ಎದ್ದು ಅಟ್ಟಬೇಕು, ಇವಳು ಅವಳ ಜಾಗದಲ್ಲಿ ಕೂರಬೇಕು. ಬೆನ್ನು ಮುಟ್ಟದೆ ಈ ಆಟವಿಲ್ಲ.

ಮೊದಲ ದಿನ ಶಿವನಂಜಿ ಕವಿತಳ ಬೆನ್ನು ತಟ್ಟಿ ಖೋ ಅಂದಳು. ಕವಿತ ತಂಡದ ಕ್ಯಾಪ್ಟನ್, ಪೇಟೆಯ ದೊಡ್ಡ ಜಮೀನುದಾರರ ಮನೆಯ ಹುಡುಗಿ. ಎದ್ದು ಓಡಿದಳು, ಔಟ್ ಮಾಡಿದಳು, ಖುಷಿಯಿಂದ ಕುಣಿದಳು ಕೂಡ. ಮಾರನೆಯ ದಿನ ಅವಳ ಅಜ್ಜಿ ಸ್ಕೂಲಿಗೇ ಬಂದಿತು. ಹೆಡ್ಮಾಸ್ತರ ರೂಮಿನೊಳಕ್ಕೆ ಹೋಗದೆ ಮೈದಾನದಲ್ಲೇ ನಿಂತು ಎಲ್ಲರಿಗೂ ಕೇಳುವ ಹಾಗೆ ಅಂದಿತು:

"ಒಲಗೇರಿ ಉಡ್ಗಿ ಬೆನ್ ಮುಟ್ಟುದ್ರೆ ನಮ್ ಮಗೀಗೆ ದಿನಾ ಸಂಜೆ ತಲೆ ಮೇಲ್ ನೀರುಯ್ಬೇಕಾ? ಅವಳ್ನ ಆಚ್ಗಾಕಿ. ಇಲ್ದಿದ್ರೆ ನಮ್ ಮಗೀನ ಬುಟ್ಬುಡಿ."

ಸ್ಕೂಲಿನ ಮೈದಾನಕ್ಕೆ ಜಾಗ ಬಿಟ್ಟುಕೊಟ್ಟ ಮನೆತನ ಅದು. ಆ ಮಾತು ತೆಗೆದುಹಾಕುವಂತಿರಲಿಲ್ಲ. ಶಿವನಂಜಿಯ ಕಾಲುಗಳಿಲ್ಲದೆ ಕಪ್ಪೂ ಬರುವಂತಿರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹೊನ್ನಯ್ಯ ಮೇಷ್ಟ್ರು ಎರಡು ದಿನ ಯೋಚಿಸಿ ಉಪಾಯ ಕಂಡುಹಿಡಿದರು.

"ನಂಜಿ, ಬೆನ್ನಿಂದ ಒಂದ್ ಗೇಣು ದೂರದಲ್ಲೇ ಕೈ ನಿಲ್ಸು. ಬಾಯಲ್ಲಿ ಮಾತ್ರ ಜೋರಾಗಿ ಖೋ ಅನ್ನು. ಮುಟ್ಬೇಡ."

"ಮುಟ್ಟುದ್ರೆ ತಾನೆ ಸಾ ಖೋ?"

"ಯೋಳಿದಷ್ಟ್ ಮಾಡು."

ಮೇಷ್ಟ್ರು ಆ ಸುಳ್ಳು ಖೋವನ್ನು ಇಡೀ ತಂಡಕ್ಕೆ ಕಲಿಸಿದರು. ನಂಜಿಯ ದನಿ ಕೇಳಿದ ತಕ್ಷಣ ಏಳಬೇಕು, ಬೆನ್ನಿಗೆ ಕೈ ಬೀಳುವುದನ್ನು ಕಾಯಬಾರದು. ನಂಜಿ ಕೂತಿದ್ದರೆ ಅವಳಿಗೂ ದೂರದಿಂದಲೇ ಖೋ. ಉಳಿದವರು ಒಬ್ಬರ ಬೆನ್ನು ಒಬ್ಬರು ಗುದ್ದಿಕೊಂಡು, ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಓಟದ ರಭಸದಲ್ಲಿ ಶಿವನಂಜಿಯ ಬೆರಳು ಯಾರ ಲಂಗಕ್ಕಾದರೂ ತಾಗಿತೋ, ಅದೇ ಬೆರಳಿಗೆ ರೂಲುದೊಣ್ಣೆಯ ಏಟು. ಸೋಗೆ ಕುಯ್ದ ಗಾಯದ ಮೇಲೆ ಏಟು. ದಸರಾ ರಜೆ ಮುಗಿಯುವುದರೊಳಗೆ ಅವಳ ಕೈ ಪಾಠ ಕಲಿಯಿತು. ಹೇಳದಿದ್ದರೂ ಬೆನ್ನಿನಿಂದ ಗೇಣು ದೂರದಲ್ಲಿ ತಾನಾಗಿಯೇ ನಿಂತುಬಿಡುತ್ತಿತ್ತು.

ಹೋಬಳಿಯಲ್ಲಿ ಗೆದ್ದರು. ತಾಲ್ಲೂಕಿನಲ್ಲೂ ಗೆದ್ದರು. ಅಲ್ಲಿ ಶಿಳ್ಳೆ ಊದುವವರೆಲ್ಲ ಸುತ್ತಮುತ್ತಲ ಮೇಷ್ಟ್ರುಗಳು. ಆ ಹುಡುಗಿ ಯಾಕೆ ಬೆನ್ನು ಮುಟ್ಟುವುದಿಲ್ಲ ಎಂದು ಒಬ್ಬರೂ ಕೇಳಲಿಲ್ಲ. ಕೇಳುವುದೇನಿದೆ? ಅವರ ಊರಲ್ಲೂ ಅದೇ ತಾನೆ.

ಜಿಲ್ಲೆಯ ಆಟ ಮಂಡ್ಯದಲ್ಲಿ. ಅಲ್ಲಿ ಶಿಳ್ಳೆ ಊದಿದವನು ಯಾವುದೋ ದೂರದ ಊರಿನವನು, ಪುಸ್ತಕ ನೋಡಿ ಆಡಿಸುವವನು. ಶಿವನಂಜಿ ಮೊದಲ ಖೋ ಕೊಟ್ಟಳು. ಶಿಳ್ಳೆ. ಫೌಲ್. ಎದ್ದವಳು ಮತ್ತೆ ಕೂರಬೇಕಾಯಿತು. ಅಷ್ಟರಲ್ಲಿ ಓಡುವವಳು ಪಾರಾದಳು. ಎರಡನೆಯ ಖೋ. ಮತ್ತೆ ಶಿಳ್ಳೆ. ಜನ ಕೂಗತೊಡಗಿದರು. ಮಂಟಿಪೇಟೆಯಿಂದ ಟೆಂಪೋದಲ್ಲಿ ಬಂದ ಹುಡುಗರು ಅವಳ ಹೆಸರು ಹಿಡಿದು ಬೈಯತೊಡಗಿದರು.

ವಿರಾಮದಲ್ಲಿ ಹೊನ್ನಯ್ಯ ಮೇಷ್ಟ್ರು ಅವಳ ಕಿವಿಯ ಹತ್ತಿರ ಬಗ್ಗಿದರು. "ಇವತ್ತೊಂದ್ ದಿನ ಮುಟ್ಟು. ಚೆನ್ನಾಗ್ ತಟ್ಟಿ ಖೋ ಕೊಡು. ಯಾರೂ ಏನೂ ಅನ್ನಲ್ಲ."

ಅವಳು ಮುಟ್ಟಲು ಹೋದಳು. ದೇವರಾಣೆ ಹೋದಳು. ಕೈ ಹೋಗಲಿಲ್ಲ. ಒಂದು ಸಲ ಹಲ್ಲು ಕಚ್ಚಿ ಕವಿತಳ ಬೆನ್ನಿಗೆ ರಪ್ಪನೆ ತಟ್ಟಿದಳು. ಅವಳ ಕೈ ಬೀಳುವುದಿಲ್ಲ ಎಂದು ನಂಬಿ ಕೂತಿದ್ದ ಕವಿತ ಬೆಚ್ಚಿ, ಏಳುವುದನ್ನು ಬಿಟ್ಟು ತಿರುಗಿ ನೋಡಿದಳು. ಓಡುವವಳು ಸಾಲಿನ ತುದಿಯ ಕಂಬ ಸುತ್ತಿ ಮಾಯ. ಕೊನೆಗೆ ಒಬ್ಬಳನ್ನು ಔಟ್ ಮಾಡಿದರೆ ಗೆಲುವು ಎನ್ನುವಾಗ ಶಿವನಂಜಿ ಮತ್ತೆ ಕವಿತಳ ಹಿಂದೆ ಬಂದಳು. ಕೈ ಚಾಚಿದಳು. ಕೈ ಗೇಣು ದೂರದಲ್ಲಿ ನಿಂತಿತು. ಬಾಯಿ ಖೋ ಎಂದಿತು. ಶಿಳ್ಳೆ. ಆಟ ಮುಗಿಯಿತು.

ಹೊನ್ನಯ್ಯ ಮೇಷ್ಟ್ರು ನೇರ ಬಂದು, ತುಂಬಿದ ಮೈದಾನದಲ್ಲಿ, ಅವಳ ಕೆನ್ನೆಗೆ ಹೊಡೆದರು. "ಆಡಕ್ ಬರ್ದಿದ್ಮೇಲೆ ಯಾಕಮ್ಮಿ ಬಂದೆ?"

ಅವಳು, ನೀವೇ ತಾನೆ ಕಲಿಸಿದ್ದು ಅನ್ನಲಿಲ್ಲ. ಕವಿತಳೂ ಅನ್ನಲಿಲ್ಲ. ಟೆಂಪೋದಲ್ಲಿ ಎಲ್ಲರೂ ಸೀಟಿನಲ್ಲಿ ಕೂತರು, ಅವಳು ನೀರಿನ ಡ್ರಮ್ಮಿನ ಪಕ್ಕ ನಿಂತಳು. ದಾರಿಯಲ್ಲಿ ರಾಜೇಂದ್ರ 'ಫೌಲ್ ನಂಜಿ' ಎಂದ. ಸೋಮವಾರ ಸ್ಕೂಲಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ಆ ಹೆಸರು ಬರೆದಿತ್ತು. ಆಮೇಲೆ ಹಾಜರಿ ಕರೆಯುವ ಮೇಷ್ಟ್ರ ಬಾಯಿಗೂ ಬಂತು. ಮನೆಯಲ್ಲಿ ಅಪ್ಪನ ಹತ್ತಿರ ಹೇಳಿಕೊಂಡು ಅತ್ತರೆ ಚಿಕ್ಕಬೋರಯ್ಯ ಬೀಡಿ ಹಚ್ಚಿ, "ಗೌಡ್ರ ಐಕ್ಳ ಜೊತೆ ಆಟಕ್ಕೆ ಓಗಿದ್ದೇ ನಿನ್ ತಪ್ಪು ಕಣವ್ವ. ಬಡವ್ರ ಕ್ವಾಪ ದವಡೆಗೆ ಮೂಲ. ಬುಡು" ಎಂದ. ಮೇಷ್ಟ್ರ ಏಟಿಗಿಂತ ಅಪ್ಪನ ಆ ಮಾತು ಅವಳಿಗೆ ಹೆಚ್ಚು ಉರಿಯಿತು.

ಮತ್ತೆ ಅವಳು ಆಡಲಿಲ್ಲ. ಹಟ ಹಿಡಿದು ಎಸ್ಸೆಸ್ಸೆಲ್ಸಿ ಪಾಸು ಮಾಡಿದಳು. ಎಷ್ಟೋ ವರ್ಷದ ಮೇಲೆ ಕಂಡಕ್ಟರ್ ಕೆಲಸ ಸಿಕ್ಕಿತು. ಜನರ ಬೆನ್ನು ತಳ್ಳಿಕೊಂಡು ಬಸ್ಸಿನ ಈ ತುದಿಯಿಂದ ಆ ತುದಿಗೆ ನುಗ್ಗುವ ಕೆಲಸ. ಮೊದಮೊದಲು ಅವಳ ಕೈ ಪ್ರಯಾಣಿಕರ ಬೆನ್ನಿನ ಹತ್ತಿರ ಹೋಗಿ ನಿಂತುಬಿಡುತ್ತಿತ್ತು. "ಸರ್ಕಳಿ, ಸರ್ಕಳಿ" ಎಂದು ಬಾಯಲ್ಲೇ ಬೇಡಿಕೊಳ್ಳುತ್ತಿದ್ದಳು. ಡ್ರೈವರು ಬೈಯುತ್ತಿದ್ದ. ಆ ಕೈಯನ್ನು ಮತ್ತೆ ತನ್ನದಾಗಿ ಮಾಡಿಕೊಳ್ಳಲು ಅವಳಿಗೆ ವರ್ಷಗಳೇ ಹಿಡಿದವು. ಈ ಸಂಗತಿಯನ್ನು ಮಂಟಿಪೇಟೆಯ ಯಾವ ತಮಾಷೆಯಲ್ಲೂ ಯಾರೂ ಸೇರಿಸಿಲ್ಲ.

ಭಾನುವಾರ ಮೈದಾನದ ಒಂದು ಬದಿಗೆ ಶಾಮಿಯಾನ ಹಾಕಿದ್ದರು. ಅಡುಗೆಯ ಕಡೆಯಿಂದ ಬಾಡಿನ ಸಾರಿನ ವಾಸನೆ. ವೇದಿಕೆಯ ಮೇಲೆ ಯಾರೋ ಒಬ್ಬರು ಸ್ವಾತಂತ್ರ್ಯ ಹೋರಾಟದಲ್ಲಿ ಶಿವಪುರದಲ್ಲಿ ಬಾವುಟ ಹಾರಿಸಿದ ಕೆಚ್ಚೆದೆಯ ನೆಲ ನಮ್ಮದು ಎಂದು ಭಾಷಣ ಮಾಡುತ್ತಿದ್ದರು. ಮುಂದಿನ ಸಾಲಿನ ಸೋಫಾದಲ್ಲಿ ಹೊನ್ನಯ್ಯ ಮೇಷ್ಟ್ರು. ಎಂಬತ್ತು ದಾಟಿದೆ. ಹಲ್ಲಿಲ್ಲ. ಹೆಗಲ ಮೇಲೆ ಜರಿಶಾಲು, ಕೈಯಲ್ಲಿ ಊರುಗೋಲು.

ಹಳೆ ತಂಡದ ಹೆಂಗಸರಿಗೆಲ್ಲ ರಾಜೇಂದ್ರ ನೀಲಿ ಟೀ ಶರ್ಟು ಹಂಚಿದ. ಸೀರೆಯ ಮೇಲೇ ತೊಟ್ಟುಕೊಳ್ಳಲಿ ಎಂದು ದೊಡ್ಡ ಅಳತೆಯವು. ಒಂದೊಂದರ ಬೆನ್ನ ಮೇಲೂ ಒಂದೊಂದು ಹೆಸರು ಅಚ್ಚಾಗಿತ್ತು. ಕ್ಯಾಪ್ಟನ್ ಕವಿತ. ದೇವಿರಮ್ಮ. ಶಿವನಂಜಮ್ಮ ತನ್ನದನ್ನು ಬಿಡಿಸಿ ನೋಡಿದಳು. ಫೌಲ್ ನಂಜಿ. ಚೆಂದದ ಬಿಳಿ ಅಕ್ಷರ. ಅವಳು ಅದನ್ನು ತೊಡಲಿಲ್ಲ. ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು.

ಮೈಕಿನಲ್ಲಿ ಕಾರ್ಯಕ್ರಮ ನಡೆಸುತ್ತಿದ್ದವಳು ರಂಜಿತ, ಅದೇ ಸ್ಕೂಲಿಗೆ ಹೊಸದಾಗಿ ಬಂದ ಟೀಚರ್. ರಾಜೇಂದ್ರ ಹೇಳಿಕೊಟ್ಟದ್ದನ್ನು ಪಾಪ ಹಾಗೆಯೇ ಒಪ್ಪಿಸಿದಳು. "ನಮ್ಮ ಶಾಲೆ ರಾಜ್ಯಮಟ್ಟಕ್ಕೆ ಹೋಗುವ ಅವಕಾಶ ಕೂದಲೆಳೆಯಲ್ಲಿ ತಪ್ಪಿಹೋಯಿತು. ಕಾರಣ ಯಾರು ಗೊತ್ತಾ? ನಮ್ಮೆಲ್ಲರ ಪ್ರೀತಿಯ ಫೌಲ್ ನಂಜಮ್ಮ!"

ಜನ ಗೊಳ್ಳೆಂದು ನಕ್ಕರು. ಚಪ್ಪಾಳೆ. ಹೊನ್ನಯ್ಯ ಮೇಷ್ಟ್ರೂ ಬೊಚ್ಚುಬಾಯಿ ಬಿಟ್ಟು ನಕ್ಕರು. ಶಿವನಂಜಮ್ಮ ಆ ನಗುವನ್ನೇ ನೋಡಿದಳು.

ಮೈದಾನದಲ್ಲಿ ಸುಣ್ಣದ ಚೌಕಗಳು ಸಿದ್ಧವಾಗಿದ್ದವು. ಈಗಿನ ಹುಡುಗಿಯರು ಆ ಬದಿಗೆ ಸಾಲಾಗಿ ನಿಂತಿದ್ದರು. ಕವಿತ ಸೀರೆ ಎತ್ತಿ ಕಟ್ಟಿ, ಬಿಳಿ ಶೂ ಹಾಕಿ, ಎಲ್ಲರ ಭುಜ ತಟ್ಟುತ್ತ ಬಂದಳು. ಒಂದು ಸಲ ಜಿಲ್ಲಾ ಪಂಚಾಯ್ತಿ ಮೆಂಬರ್ ಆದವಳು, ಮತ್ತೆ ನಿಲ್ಲುವ ಯೋಚನೆಯಲ್ಲಿದ್ದಳು. ಹಿಂದೆಯೇ ಫೋಟೋದವನು.

"ನಂಜಿ, ಅವತ್ತಿನ್ ತರಾನೆ ನೀನೆ ಮೊದ್ಲು ಓಡಮ್ಮಿ."

ಶಿವನಂಜಮ್ಮ ನಡುವಿನ ಚೌಕಕ್ಕೆ ಹೋದಳು. ಟೀ ಶರ್ಟನ್ನು ಕೊಡವಿ, ಹೆಸರು ಮೇಲೆ ಬರುವ ಹಾಗೆ ನೆಲಕ್ಕೆ ಹಾಸಿದಳು. ಅದರ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಳು.

"ನಾ ಓಡಲ್ಲ."

ಮುಂದಿನ ಸಾಲಿನವರು ಇದೂ ತಮಾಷೆ ಎಂದು ನಕ್ಕರು. ಕವಿತಳೂ ನಕ್ಕಳು. "ಮಂಡಿ ನೋವೇನಮ್ಮಿ? ಬುಡು, ನಾನೇ ಓಡ್ತೀನಿ." ನಾಲ್ಕು ಹೆಜ್ಜೆ ಓಡಿದಳು. ಶಿವನಂಜಮ್ಮನ ಬೆನ್ನಿಗೆ ಅಂಗೈ ಊರಿ, ಫೋಟೋದವನ ಕಡೆ ಮುಖ ಮಾಡಿ, "ಖೋ!" ಎಂದಳು. ಮತ್ತೆ ಚಪ್ಪಾಳೆ ಬಿತ್ತು.

ಶಿವನಂಜಮ್ಮ ಏಳಲಿಲ್ಲ.

"ಎದ್ದೇಳಮ್ಮಿ, ಖೋ ಕೊಟ್ನಲ್ಲ."

"ಇದು ಪೋಟೋಕ್ ಕೊಟ್ಟಿದ್ದು. ನಂಗ್ ಬ್ಯಾಡ."

"ಮತ್ತಿನ್ನೇನ್ ಬೇಕು?"

"ಅವತ್ತು ನಾನ್ಯಾಕೆ ಬೆನ್ ಮುಟ್ನಿಲ್ಲ, ಅದ ಮೈಕಲ್ ಯೋಳಿ. ಯೋಳುದ್ರೆ ಎದ್ದೇಳ್ತೀನಿ."

ಕವಿತಳ ಮುಖದ ನಗು ಇಂಗಿತು. ಬಗ್ಗಿ ಮೆಲ್ಲಗೆ ಅಂದಳು: "ಆ ಹಳೇದ್ನೆಲ್ಲ ಈಗ್ಯಾಕ್ ಕೆದುಕ್ತೀಯ? ನಾನೇನ್ ಈಗ ಅಂಗೆಲ್ಲ ನೋಡ್ತೀನಾ? ನಿಮ್ ಕೇರೀಗ್ ಬಂದು ಕಾಪಿ ಕುಡ್ದಿಲ್ವಾ ನಾನು?"

"ಓಟ್ಗೆ ಕುಡುದ್ರಿ."

"ಸರಿ, ತಪ್ಪಾಯ್ತು ಅಂತ್ಲೇ ಇಟ್ಕೊ. ಎದ್ದೇಳು."

"ತಪ್ಪೇನು ಅಂತ ಯೋಳ್ದೆ ತಪ್ಪಾಯ್ತು ಅಂದ್ರೆ ಎಂಗೆ? ಮೈಕಲ್ ಯೋಳಿ. ನನ್ನ ನೋಡಿ ನಕ್ಕಿದ್ದು ಮೈಕಲ್ ತಾನೆ?"

ಆಟಕ್ಕೆ ತಕ್ಕಂತೆ ಕೂಗಲೆಂದು ವೇದಿಕೆಯ ಮೈಕಿನ ಮುಂದೆ ನಿಂತಿದ್ದ ರಂಜಿತ ಕಕ್ಕಾಬಿಕ್ಕಿಯಾದಳು. ರಾಜೇಂದ್ರ ಧಾವಿಸಿ ಬಂದು ಮೈಕಿನವನಿಗೆ ಕೈಸನ್ನೆ ಮಾಡಿದ. ಮೈಕು ಸತ್ತಿತು.

ಮೈಕು ಸತ್ತರೇನು? ಶಿವನಂಜಮ್ಮನ ಗಂಟಲಿತ್ತು. ಎಂಜಿನ್ನಿನ ಸದ್ದನ್ನೂ, ನೂರು ಜನರ ಗಲಾಟೆಯನ್ನೂ ಮೀರಿ ಊರುಗಳ ಹೆಸರು ಕೂಗಿದ ಗಂಟಲು ಅದು. ಕೂತಲ್ಲಿಂದಲೇ ಶುರು ಮಾಡಿದಳು. ಅಜ್ಜಿ ಬಂದು ಅಂದದ್ದು, ಗೇಣು ದೂರ, ರೂಲುದೊಣ್ಣೆ, ಮಂಡ್ಯದ ಮೈದಾನದ ಏಟು. ಒಂದನ್ನೂ ಬಿಡಲಿಲ್ಲ. ಅಡುಗೆಯವರು ಸೌಟು ಹಿಡಿದುಕೊಂಡೇ ಹೊರಗೆ ಬಂದು ನಿಂತರು.

ಈಗಿನ ಹುಡುಗಿಯರ ತಂಡದ ಕ್ಯಾಪ್ಟನ್ ಸೌಮ್ಯ ಗೆರೆಯ ಹತ್ತಿರ ಬಂದು ಕೇಳಿದಳು: "ಮುಟ್ದೆ ಖೋ ಕೊಟ್ರೆ ಫೌಲ್ ಅಲ್ವಾ ಆಂಟಿ? ನಮ್ಗೆ ಫಸ್ಟ್ ದಿನಾನೆ ಕಲ್ಸೋದು ಅದ್ನೇ."

"ನಂಗೆ ಕಲ್ಸಿದ್ದು ಮುಟ್ಬ್ಯಾಡ ಅಂತ ಕಣಮ್ಮ. ಅಗೋ, ಜರಿಸಾಲು ಒದ್ಕಂಡು ಸೋಪಾದಲ್ಲಿ ಕುಂತವ್ರಲ್ಲ, ಅವ್ರು ಕಲ್ಸಿದ್ದು."

ಎಲ್ಲರ ಕಣ್ಣೂ ಮೇಷ್ಟ್ರ ಕಡೆ ತಿರುಗಿದವು. ಹೊನ್ನಯ್ಯ ಊರುಗೋಲನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಕಾಲ ಅಂಗಿತ್ತು ಕಣವ್ವ. ನಾನೇನ್ ಮಾಡ್ಲಿ?"

"ಕಾಲ ಬಂದು ನನ್ ಕೆನ್ನೆಗ್ ಒಡೀತಾ ಸಾ? ಕಾಲ ರೂಲ್ದೊಣ್ಣೆ ಇಡ್ಕಂಡಿತ್ತಾ? ಅದು ನಿಮ್ ಕೈ. ಕಪ್ ಬಂದಿದ್ರೆ ನಾ ಗೆಲ್ಸ್ದೆ ಅಂತ ನೀವು ಮೆರೀತಿದ್ರಿ. ಸೋತಿದ್ಕೆ ನಾನು ಫೌಲು."

ಮೇಷ್ಟ್ರು ಪಕ್ಕದವರ ಮುಖ ನೋಡಿದರು. ಪಕ್ಕದವರು ನೆಲ ನೋಡಿದರು. ರಾಜೇಂದ್ರ ಬೆವರು ಒರೆಸಿಕೊಂಡು ಬಂದ. "ಬಾಡೂಟ ಆರೋಯ್ತದೆ, ಎದ್ದೇಳಮ್ಮಿ. ಇಷ್ಟು ಒಳ್ಳೆ ಪಂಕ್ಸನ್ ಒಳೀಕೆ ಜಾತಿ ತರ್ಬ್ಯಾಡ."

"ನಾ ತಂದ್ನಾ? ಬಟ್ಟೆ ಮ್ಯಾಲ್ ಅಚ್ ಆಕ್ಸಿ ತಂದಿರೋನು ನೀನು. ನನ್ ಎಸ್ರು ಶಿವನಂಜಮ್ಮ. ಬಾಯಿ ತಿರುಗ್ದಿದ್ರೆ ಮಗ್ಗಿ ತರ ಬಾಯ್ಪಾಟ ಮಾಡು."

ಯಾರೋ ಹುಡುಗಿ ಫಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು. ಆಗ ಹಳೆಯ ತಂಡದಿಂದ ದೇವಿರಮ್ಮ ಹೊರಟುಬಂದಳು. ಪೇಟೆಯಲ್ಲಿ ಇಡ್ಲಿ ಮಾರುವ ಹೆಂಗಸು. ಅವಳೂ ಗೌಡರ ಪೈಕಿಯೇ, ಆದರೆ ಕವಿತಳ ಮನೆಯ ಗತ್ತು ಅವಳ ಮನೆಗೆ ಎಂದೂ ಇರಲಿಲ್ಲ. ಜನರ ಕಡೆ ತಿರುಗಿ ನಿಂತಳು.

"ಇವ್ಳು ಯೋಳ್ತಿರದು ದಿಟ. ನಾನು ಕವಿತನ್ ಪಕ್ಕದ ಚೌಕದಲ್ಲೇ ಕುಂತಿರ್ತಿದ್ದೆ. ನಂಗೂ ಅಂಗೇ ಕಲ್ಸಿದ್ರು. ಈ ಮಗಾ ಅವತ್ತು ಏಟ್ ತಿನ್ನೋವಾಗ ನಾವೆಂಟು ಜನ್ವೂ ಬಾಯಿಗ್ ಮಣ್ಣಾಕ್ಕಂಡು ನಿಂತಿದ್ದೊ."

ಅವಳು ಶಿವನಂಜಮ್ಮನ ಪಕ್ಕದ ಚೌಕದಲ್ಲಿ, ಅವಳಿಗೆ ಎದುರು ದಿಕ್ಕಿಗೆ ಮುಖ ಮಾಡಿ, ಕುಕ್ಕರಗಾಲಲ್ಲಿ ಕೂತಳು. ಕಾಲು ಹಿಡಿದಿರಬೇಕು, ಕೂರುವಾಗ "ಅವ್ವಾ" ಎಂದಳು. ಆದರೂ ಕೂತಳು.

ಫೋಟೋದವನು ಇನ್ನೂ ಫೋಟೋ ತೆಗೆಯುತ್ತಲೇ ಇದ್ದ. ಕವಿತ ಅವನ ಕೈಗೆ ಪಟ್ಟೆಂದು ಹೊಡೆದಳು. ಹುಡುಗಿಯರ ಕೈಯಲ್ಲೂ ಮೊಬೈಲುಗಳು ಮೇಲೆದ್ದಿದ್ದವು. ಅವಕ್ಕೆಲ್ಲ ಹೊಡೆಯಲಾಗುತ್ತದೆಯೇ? "ಮೇಷ್ಟ್ರಿಗೆ ಬಿಪಿ ಐತೆ, ಮನೀಗ್ ಬಿಟ್ಟು ಬತ್ತೀನಿ" ಎಂದು ಗಟ್ಟಿಯಾಗಿ ಹೇಳಿ, ಹೊನ್ನಯ್ಯನವರನ್ನು ರಟ್ಟೆ ಹಿಡಿದು ಎಬ್ಬಿಸಿಕೊಂಡು ತನ್ನ ಕಾರಿನ ಕಡೆ ನಡೆದಳು. ಒಂದು ಮಾತು ಮೈಕಿನಲ್ಲಿ ಹೇಳುವುದಕ್ಕಿಂತ ಕಾರು ಹತ್ತುವುದು ಅವಳಿಗೆ ಸುಲಭವಾಗಿತ್ತು.

ಆದರೆ ಕಾರು ನಿಂತಿದ್ದದ್ದು ಶಾಮಿಯಾನದ ಹಿಂದೆ. ಗೇಟು ಇದ್ದದ್ದು ಮೈದಾನದ ಆ ತುದಿಗೆ. ಎರಡೂ ಬದಿಗೆ ಕುರ್ಚಿ, ಜನ, ಬೈಕು. ಹೋಗಬೇಕಾದರೆ ಸುಣ್ಣದ ಚೌಕಗಳ ನಡುವೆಯೇ ಹಾದು ಹೋಗಬೇಕು. ಕಾರು ಮೆಲ್ಲಗೆ ಬಂದು ಶಿವನಂಜಮ್ಮನ ಮುಂದೆ ನಿಂತಿತು. ಡ್ರೈವರು ಹಾರನ್ ಒತ್ತಿದ. ಇನ್ನೊಮ್ಮೆ ಒತ್ತಿದ. ತಲೆ ಹೊರಗೆ ಹಾಕಿ, "ಅಕ್ಕೋ, ಗಾಡಿ ಓಗ್ಬೇಕು, ಒಸಿ ಎದ್ದೇಳಿ" ಎಂದ.

ಬಿಸಿ ಬಂಪರು ಅವಳ ಮೊಣಕಾಲಿಗೆ ತಾಗುವಷ್ಟು ಹತ್ತಿರವಿತ್ತು. ಶಿವನಂಜಮ್ಮ ಅದರ ಮೇಲೆ ಅಂಗೈ ಊರಿದಳು.

"ಲೇ ಮಗಾ, ಎಂಜಿನ್ ಆಪ್ ಮಾಡು. ನಾನು ಕಂಡಕ್ಟ್ರು. ನಾ ರೈಟ್ ಅನ್ನೋಗಂಟ ಯಾವ್ ಗಾಡೀನೂ ಮುಂದ್ಕೋಗಿಲ್ಲ, ಇದೂ ಓಗಲ್ಲ. ಇಂದ್ಗಡೆ ಕುಂತಿರೋರ್ಗೆ ಯೋಳು, ಇಳ್ದು ಬಂದು ಮೈಕಲ್ ಮಾತಾಡ್ಲಿ."

ಡ್ರೈವರು ತಿರುಗಿ ಹಿಂದಿನ ಸೀಟನ್ನು ನೋಡಿದ. ಒಳಗೆ ಏನೋ ಮಾತಾಯಿತು. ಜನ ಕಾರಿನ ಸುತ್ತ ಕೂಡಿಕೊಂಡರು. ಸೌಮ್ಯ ಮತ್ತು ಅವಳ ಗೆಳತಿಯರು ಮುಂದೆ ಬಂದು ಚೌಕದ ಗೆರೆಯ ಮೇಲೆ ನಿಂತರು. ರಂಜಿತ ಟೀಚರ್ ಯಾರನ್ನೂ ಕೇಳದೆ ಮೈಕಿನವನ ಹತ್ತಿರ ಹೋಗಿ ತಾನೇ ಸ್ವಿಚ್ಚು ಒತ್ತಿದಳು. ಮೈಕು ಕಿರ್ರೆಂದಿತು.

ಎಂಜಿನ್ ಇನ್ನೊಂದಷ್ಟು ಹೊತ್ತು ಗುರುಗುಟ್ಟಿ ನಿಂತಿತು. ಹಿಂದಿನ ಬಾಗಿಲು ತೆರೆಯಿತು. ಹೊನ್ನಯ್ಯ ಮೇಷ್ಟ್ರು ಊರುಗೋಲನ್ನು ನೆಲಕ್ಕೆ ಊರಿ ಒಂದು ಕಾಲು ಕೆಳಗಿಟ್ಟರು.

ಮೇಷ್ಟ್ರಿಗೆ ವೇದಿಕೆ ತನಕ ನಡೆಯೋಕಾಗಲ್ಲ, ಮೈಕಿನ ವೈರೂ ಇಲ್ಲಿಗೆ ಬರಲ್ಲ ಎಂದು ಯಾರೋ ಗೊಣಗಿದರು.

"ನಿಧಾನುಕ್ಕೆ ನಡ್ಕಂಡ್ ಓಗ್ಲಿ," ಎಂದಳು ಶಿವನಂಜಮ್ಮ, "ನಾ ಇಲ್ಲೇ ಕುಂತಿರ್ತೀನಿ."